ಬಾಗಿಲು ಮುಚ್ಚಿ ಹೊತ್ತಿಸಿದ ಕುಲುಮೆ

ಮಸ್ಕಿಯ ನಮ್ಮ ಮನೆಗೆ ದೊಡ್ಡ ಕುಲುಮೆ ಬಂದದ್ದು ಕಾಲುವೆಗೆ ನೀರು ಬಿಟ್ಟ ಮೇಲೆ. ಅದಕ್ಕಿಂತ ಮುಂಚೆ ನಮ್ಮದು ನೆಲದಲ್ಲಿ ತೋಡಿದ ಗುಣಿ, ಅದಕ್ಕೆ ಗಾಳಿ ಊದಲು ಒಂದು ತೊಗಲಿನ ತಿದಿ, ಮೇಲೊಂದು ಹುಲ್ಲಿನ ಚಪ್ಪರ. ನಮ್ಮ ಮಾವ ಜೀವಮಾನವೆಲ್ಲ ಕಮ್ಮಾರಿಕೆ ಮಾಡಿದ್ದು ಅಷ್ಟರಲ್ಲೇ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬೆಂಕಿ ನೋಡಿ ನೋಡಿ ಅವರ ಕಣ್ಣು ಹೋಗಿದ್ದವು. ಕೆಲಸ ನಮ್ಮನೆಯವರ ಕೈಗೆ ಬಂದಿತ್ತು, ತಿದಿ ನನ್ನ ಕೈಗೆ.

ಒಣ ಬೇಸಾಯ ಇದ್ದಾಗ ನೇಗಿಲಿನ ಕುಳ, ಕುಂಟೆಯ ಕುಡ, ಕುಡಗೋಲು ಮಾಡಿಕೊಟ್ಟರೆ ವರ್ಷದ ಜೋಳ ಮನೆಗೆ ಬರುತ್ತಿತ್ತು. ಸಿಂಧನೂರಿನ ಕಡೆ ಹೊಲಗಳು ಗದ್ದೆಯಾದ ಮೇಲೆ ಭತ್ತ ಹೇರುವ ಬಂಡಿಗಳು ಹೆಚ್ಚಿದವು, ಎರೆ ಕೆಸರಿನಲ್ಲಿ ಗಾಲಿಯ ಸುತ್ತಿನ ಕಬ್ಬಿಣದ ಹಳಿ ಕಳಚಿ ಬೀಳತೊಡಗಿದವು. ಅಷ್ಟು ದಪ್ಪದ ಹಳಿಯ ಎರಡು ತುದಿ ಸೇರಿಸಿ ಬೆಸೆಯುವಷ್ಟು ಕಾವು ನಮ್ಮ ಗುಣಿಯಲ್ಲಿ ಹುಟ್ಟುತ್ತಿರಲಿಲ್ಲ. ಬಂದ ಬಂಡಿಗಳು ತಿರುಗಿ ಹೋಗುತ್ತಿದ್ದವು.

ಲಿಂಗಸೂಗೂರಿನ ಗುಜರಿ ಸಾಬರ ಹತ್ತಿರ ನಿಜಾಮನ ಕಾಲದ ಒಂದು ಕುಲುಮೆ ಬಿದ್ದಿತ್ತು. ಎರಕದ ಕಬ್ಬಿಣದ್ದು, ದನಕ್ಕೆ ನೀರು ಕುಡಿಸುವ ದೋಣಿಯಷ್ಟು ದೊಡ್ಡದು. ಬದಿಗೆ ಕೈಯಿಂದ ತಿರುವುವ ಗಾಳಿಯ ಪಂಕ. ಯಾರೂ ಒಯ್ಯದೆ ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿದ್ದವಂತೆ. ನಮ್ಮನೆಯವರು ಸಾಬರ ಬಂಡಿಗಳನ್ನೆಲ್ಲ ದುರಸ್ತಿ ಮಾಡಿಕೊಟ್ಟು ಅದನ್ನು ತಂದರು. ಇದಕ್ಕೆ ಕಲ್ಲಿದ್ದಲಿಯೇ ಹಾಕಬೇಕು, ಮೇಲೆ ಹೊಗೆ ಹೋಗಲಿಕ್ಕೆ ಕೊಳವೆ ಕೂಡಿಸಬೇಕು ಎಂದು ಸಾಬರು ಬಂಡಿ ಹೊರಡುವಾಗಲೂ ಹೇಳಿದರಂತೆ. ಹಳೆಯ ಕೊಳವೆ ತುಕ್ಕು ಹಿಡಿದು ಹೋಗಿತ್ತು. ಹೊಸದನ್ನು ಸಿಂಧನೂರಿನ ಕಡೆ ಗದ್ದೆ ಮಾಡಲು ಬಂದು ನೆಲೆಸಿದವರ ಕ್ಯಾಂಪಿನಿಂದ ತರುವುದೆಂದು ಮಾತಾಗಿತ್ತು.

ಹುಲ್ಲಿನ ಚಪ್ಪರ ಈ ಬೆಂಕಿಗೆ ತಾಳುವುದಿಲ್ಲವೆಂದು ಮನೆಯ ಪಕ್ಕದಲ್ಲಿ ಮಣ್ಣಿನ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಬಾಗಿಲು ಇಟ್ಟರು. ಸಂದು ಸಂದಿಗೆ ಮಣ್ಣು ಮೆತ್ತಿದವಳು ನಮ್ಮ ಅತ್ತೆ. ಕೆಲಸದಲ್ಲಿ ಆಕೆಗೆ ಸರಿಸಾಟಿ ಇರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ. ಹೊಸ ಕುಲುಮೆಯ ಮೊದಲ ಬೆಂಕಿಗೆ ಹೊರಗಿನವರ ಕಣ್ಣು ಬೀಳಬಾರದು. ಹಳೆಯ ಗುಣಿಯ ಕೆಂಡ ತಂದು, ಬಾಗಿಲು ಮುಚ್ಚಿ, ಕಾಳಮ್ಮನ ಹೆಸರಲ್ಲಿ ಒಂದು ಕುಳ ಬಡಿದು ಮುಗಿಸುವ ತನಕ ತೆಗೆಯುವಂತಿಲ್ಲ. ಮೊದಲ ಗಾಳಿ ಮನೆಯ ಮುತ್ತೈದೆಯೇ ಊದಬೇಕು, ತಿದಿ ನನ್ನ ಕೈಯಲ್ಲಿದ್ದುದರಿಂದ ಅದು ನನ್ನ ಪಾಲಿಗೆ ಬಂತು. ಅಮಾವಾಸ್ಯೆ ನಿಕ್ಕಿಯಾಯಿತು. ಕಲ್ಲಿದ್ದಲಿ ಬಂದಿತ್ತು, ಕೊಳವೆ ಮಾತ್ರ ಬಂದಿರಲಿಲ್ಲ. ಒಂದು ಕುಳ ಬಡಿಯುವಷ್ಟು ಹೊತ್ತಿಗೆ ಕೊಳವೆ ಯಾಕೆ ಬೇಕು, ಇಷ್ಟು ವರ್ಷ ನಾವೇನು ಕೊಳವೆ ಇಟ್ಟುಕೊಂಡು ದುಡಿದೆವೋ ಎಂದು ಮಾವ ನಕ್ಕರು. ತಗಡಿನ ಕೆಳಗಿನ ಬೆಳಕಿಂಡಿಗೂ ಗೋಣಿಚೀಲ ತುರುಕಿಸಿದರು.

ಅವತ್ತು ಬೆಳಿಗ್ಗೆ ನಾನು ಮುಟ್ಟಾಗಿ ಕಡಿಗೆಯಾದೆ. ಕುಲುಮೆ ಇರಲಿ, ಅದರ ಗೋಡೆಯನ್ನೂ ಮುಟ್ಟುವಂತಿಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ. ತಾನೇ ಸ್ನಾನ ಮಾಡಿ, ಹಣೆತುಂಬ ಕುಂಕುಮ ಇಟ್ಟುಕೊಂಡು, "ಅದು ನಿನ್ನ ಕೈಯಾಗ ಐತೇನಬೇ, ನಾ ತಿರುವತೀನಿ ಬಿಡು" ಎಂದು ಒಳಗೆ ಹೋದಳು. ನನ್ನ ಎಳೆಯ ಕೂಸನ್ನೂ ಒಳಗೆ ಒಯ್ದು ತೊಡೆಯ ಮೇಲೆ ಕೂಡಿಸಿಕೊಳ್ಳುವ ಆಸೆ ಆಕೆಗಿತ್ತು. ಹಾಲು ಬೇಕೆಂದು ಕೂಸು ಅಳುತ್ತಿದ್ದುದರಿಂದ ನನ್ನ ಹತ್ತಿರವೇ ಉಳಿಯಿತು. ದೇವರು ತೋರಿದ ಮೊದಲ ಕರುಣೆ ಅದು.

ನಾನು ಅಂಗಳದ ಮೂಲೆಯಲ್ಲಿದ್ದೆ. ಮಾವ ಕುಲುಮೆಯ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕುಳಿತಿದ್ದರು. ಪಂಕದ ಸದ್ದು ಭರ್ ಭರ್ ಎಂದು ಬರುತ್ತಿತ್ತು, ನಡುನಡುವೆ ಸುತ್ತಿಗೆಯ ಸದ್ದು. ಮಾವ ಅದಕ್ಕೆ ತಲೆದೂಗುತ್ತಿದ್ದರು. ಆಮೇಲೆ ಸುತ್ತಿಗೆ ನಿಂತಿತು. ಪಂಕ ನಿಧಾನವಾಯಿತು, ಅದೂ ನಿಂತಿತು. ನಾನು ಕೂಸನ್ನು ನೆಲಕ್ಕಿಟ್ಟು ಎದ್ದೆ.

"ಮಾವ, ಸದ್ದ ನಿಂತದರೀ. ಒಮ್ಮಿ ಕರೀರಿ."

"ಕುಳ ಕಾಯಾಕ ಇಟ್ಟಿರತಾನ. ಸುಮ್ಮ ಕುಂದ್ರು."

"ಕಾಯಾಕ ಇಟ್ರ ಪಂಕ ತಿರುಗಬೇಕಲ್ರೀ."

ಮಾವ ಕಿವಿಗೊಟ್ಟರು. ಕರೆದರು. ಉತ್ತರ ಬರಲಿಲ್ಲ. ಆದರೂ ಕಾಲು ಅಡ್ಡ ಚಾಚಿ, "ನೀ ಮುಟ್ಟಬ್ಯಾಡ. ಮುಟ್ಟಿದ್ರ ಮನಿ ಉಳಿಯಂಗಿಲ್ಲ. ಹೋಗು, ಮಂದೀನ ಕರಿ" ಎಂದರು. ಮಂದಿಯೆಲ್ಲ ಹೊಲದಲ್ಲಿದ್ದರು. ನಾನು ಅವರ ಕಾಲು ದಾಟಿ ಬಾಗಿಲಿಗೆ ಹೆಗಲು ಕೊಟ್ಟೆ. ಒಳಗಿನ ಅಗಳಿ ಹೊಸದು, ಗಟ್ಟಿ. ಮಾವ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. ಒಳಗೆ ಏನೋ ದೊಪ್ಪನೆ ಬಿತ್ತು. ಆ ಸದ್ದು ಕೇಳಿದ ಮೇಲೆ ಅವರು ಸೆರಗು ಬಿಟ್ಟರು, ತಾವೂ ಎದ್ದು ನನ್ನ ಪಕ್ಕದಲ್ಲಿ ಭುಜ ಕೊಟ್ಟರು. ಮಣ್ಣು ಇನ್ನೂ ಹಸಿ ಇದ್ದದ್ದರಿಂದ ಚೌಕಟ್ಟೇ ಕಿತ್ತುಬಂತು. ಅದು ಎರಡನೆಯ ಕರುಣೆ.

ಹೊಗೆ ಅಂಥದ್ದೇನೂ ಇರಲಿಲ್ಲ. ಕೆಂಡ ಚೆನ್ನಾಗಿ ನಿಗಿನಿಗಿ ಉರಿಯುತ್ತಿತ್ತು. ಕಬ್ಬಿಣ ಬಡಿಯುವ ಅಡಿಗಲ್ಲಿನ ಹತ್ತಿರ ನಮ್ಮನೆಯವರು ಬಿದ್ದಿದ್ದರು. ಅತ್ತೆ ಪಂಕದ ಹಿಡಿಕೆಯ ಮೇಲೆ ಹಣೆ ಇಟ್ಟು ಮಲಗಿದಂತೆ ಕುಳಿತಿದ್ದಳು. ನಾನು ಕಾಲು ಹಿಡಿದು ಒಬ್ಬೊಬ್ಬರನ್ನಾಗಿ ಅಂಗಳಕ್ಕೆ ಎಳೆದೆ. ಗಾಳಿ ಬಡಿದ ಮೇಲೆ ನಮ್ಮನೆಯವರು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು. ಅತ್ತೆ ಕಣ್ಣು ಬಿಡಲಿಲ್ಲ. ಸಿಂಧನೂರಿನ ಡಾಕ್ಟರರ ತನಕ ಬಂಡಿಯಲ್ಲಿ ಒಯ್ದೆವು. ಉಸಿರು ದಾರಿಯಲ್ಲೇ ಹೋಗಿತ್ತು. ಮುಚ್ಚಿದ ಕೋಣೆಯಲ್ಲಿ ಕಲ್ಲಿದ್ದಲಿ ಉರಿದರೆ ಕಣ್ಣಿಗೆ ಕಾಣದ ವಿಷ ತುಂಬುತ್ತದೆ, ವಾಸನೆಯಿಂದಲೂ ತಿಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದರು. ಹುಲ್ಲಿನ ಚಪ್ಪರದಡಿ ಕಟ್ಟಿಗೆಯ ಇದ್ದಲಿ ಉರಿಸಿ ಬದುಕಿದವರಿಗೆ ಅದು ಹೇಗೆ ಗೊತ್ತಾಗಬೇಕು? ಅತ್ತೆ ಮುತ್ತೈದೆಯಾಗಿ ಹೋದಳು ಎಂದು ನೆರೆಯ ಹೆಂಗಸರು ಸಮಾಧಾನ ಹೇಳಿದರು. ನಾನು ಅದನ್ನು ಕರುಣೆಯ ಲೆಕ್ಕಕ್ಕೆ ಸೇರಿಸಿಲ್ಲ. ಆ ಹಿಡಿಕೆಯ ಮುಂದೆ ಕೂರಬೇಕಾದವಳು ನಾನು.

ಅತ್ತೆಯ ದಿನಕರ್ಮ ಮುಗಿದ ಮೇಲೆ ಕುಲದ ಹಿರಿಯರು ಬಂದು ಕುಳಿತರು. ಕಡಿಗೆಯಾದ ಹೆಣ್ಣು ಬಾಗಿಲು ಮುರಿದಿದ್ದಾಳೆ, ಕುಲುಮೆ ಮೈಲಿಗೆಯಾಗಿದೆ, ಸಾಬರಿಗೆ ತಿರುಗಿ ಒಯ್ದುಕೊಡಿ, ಇಲ್ಲವೆಂದರೆ ನಿಮ್ಮ ಮನೆಯ ಕಬ್ಬಿಣ ಯಾರೂ ಮುಟ್ಟುವುದಿಲ್ಲ ಎಂದರು. ನಾನು ಒಳಗೆ ನಿಂತು ಕಾಳಮ್ಮನನ್ನು ನೆನೆಯುತ್ತಿದ್ದೆ. ಕೊನೆಗೆ ಮಾವ ಬಾಯಿ ತೆರೆದರು.

"ಮೈಲಿಗಿ ಆಗಿದ್ದು ಹೌದು. ಆದ್ರ ನನ್ನ ಮಗ ಉಸಿರಾಡಾಕತ್ಯಾನ. ಮಡಿಯಿಂದ ಕುಂತಾಕಿ ಮಣ್ಣಾಗ್ಯಾಳ. ಇನ್ನ ನೀವು ಹೋಗ್ರಿ."

ಅಷ್ಟೇ ಹೇಳಿದರು. ನನಗೆ ಆಮೇಲೆಯೂ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳಲಿಲ್ಲ. ಮರುದಿನ ಕುಲುಮೆಯ ಮೂರು ಕಡೆಯ ಗೋಡೆ ಕೆಡವಿಸಿದರು.

ಒಂದು ಹಂಗಾಮು ಯಾರೂ ಬರಲಿಲ್ಲ. ಜೋಳ ತೀರಿ ನುಚ್ಚು ಕುಡಿದೆವು. ಮುಂದೆ ಸುಗ್ಗಿಯ ಹೊತ್ತಿಗೆ ಭತ್ತ ಹೊತ್ತ ಬಂಡಿಗಳ ಹಳಿ ಕಳಚಿದಾಗ ಕ್ಯಾಂಪಿನವರು ಬಂದರು, ಅವರ ಹಿಂದೆ ನಮ್ಮ ಊರಿನವರೂ ಬಂದರು. ಪಂಕ ತಿರುವುವವಳು ನಾನೇ. ನಮ್ಮನೆಯವರಿಗೆ ಮೊದಲಿನ ಬಲ ಬರಲಿಲ್ಲ. ನಾಲ್ಕು ಪೆಟ್ಟು ಹಾಕಿ ಕೂರುತ್ತಿದ್ದರು.

ಮಾವ ಕುಲುಮೆಯ ಹತ್ತಿರ ಮತ್ತೆಂದೂ ಬರಲಿಲ್ಲ. ಕಟ್ಟೆಯ ಮೇಲೆ ಆ ಕಡೆಗೆ ಕಿವಿ ಮಾಡಿ ಕೂರುತ್ತಿದ್ದರು. ಕಲ್ಲಿದ್ದಲಿ ಎಳೆದುಕೊಳ್ಳಲೋ, ಸೆರಗು ಸಿಕ್ಕಿಸಿಕೊಳ್ಳಲೋ ನಾನು ಕೈ ಬಿಟ್ಟೆನೆಂದರೆ ಸಾಕು, ಅಲ್ಲಿಂದ ಧ್ವನಿ ಬರುತ್ತಿತ್ತು.

"ಯಾಕ ನಿಂತಿತು?"

"ಇದ್ದೀನ್ರೀ ಮಾವ" ಎಂದು ನಾನು ಮತ್ತೆ ಹಿಡಿಕೆ ಹಿಡಿಯುತ್ತಿದ್ದೆ. ಅವರು ಇರುವ ತನಕ ಹಾಗೆಯೇ ನಡೆಯಿತು.