ಕಾಶವ್ವ ಕೊಡದೆ ಇಟ್ಟುಕೊಂಡ ಮೂರನೆಯ ತುಂಡು

ಎಪ್ಪತ್ತರ ಹತ್ತಿರ ಬಂದವರು ಸಿಟ್ಟಿಗೇಳಬಾರದು ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ಅವರು ಕಾದಂಬರಿ ಓದುವುದಿಲ್ಲ, ಹೀಗಾಗಿ ಹಾಗೆ ಹೇಳುವುದು ಅವರಿಗೆ ಸುಲಭ. ನಾನಂತೂ ಎಂಟು ದಿನದಿಂದ ಸಿಟ್ಟಿನಲ್ಲಿದ್ದೇನೆ. ಸಿಟ್ಟಿನಲ್ಲಿ ಚಹಾ ಕುದಿಸುತ್ತೇನೆ, ಸಿಟ್ಟಿನಲ್ಲಿ ರೊಟ್ಟಿ ಬಡಿಯುತ್ತೇನೆ. ರೊಟ್ಟಿ ಎಂದಿಗಿಂತ ತೆಳ್ಳಗೆ ಬಂದಿವೆ ಎಂದು ಮೊಮ್ಮಗಳು ಹೊಗಳಿದಳು. ಹೊಗಳಿದಳೆಂದು ಹಿಗ್ಗಿದೆ. ಸಿಟ್ಟಿನಲ್ಲಿರುವಾಗ ಹಿಗ್ಗಿಸಿದಳಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಹಿಗ್ಗಿನ ಸಂಗತಿಯನ್ನು ಮೊದಲು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಅದು ನಡುನಡುವೆ ಬಾಯಿ ಹಾಕುತ್ತದೆ. ಮೊಮ್ಮಗಳ ಹೆಸರು ಭಾಗ್ಯಶ್ರೀ. ಅವಳ ತಾಯಿ, ಅಂದರೆ ನನ್ನ ಮಗಳು ಸುನಂದಾ, ಮುಧೋಳದಲ್ಲಿ ಶಾಲೆಯ ಟೀಚರು. ಭಾಗ್ಯಾ ಮಾತ್ರ ರಬಕವಿಯ ನಮ್ಮ ಮನೆಯಲ್ಲಿದ್ದು ದಿನವೂ ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಹೋಗಿಬರುತ್ತಾಳೆ. ಅಲ್ಲಿ ತಿಂಗಳಿಗೊಂದು ಭಾನುವಾರ ಹತ್ತಿಪ್ಪತ್ತು ಮಂದಿ ಓದುಗರು ಕೂಡುತ್ತಾರಂತೆ. ಒಬ್ಬೊಬ್ಬರು ಎದ್ದು ನಿಂತು ತಮಗೆ ಮೆಚ್ಚಿಕೆಯಾದ ಒಂದು ಕಾದಂಬರಿಯ ಬಗ್ಗೆ ಹೇಳಬೇಕು, ಬೇಕಾದವರು ಅದನ್ನು ಒಯ್ದು ಓದಬೇಕು. ಭಾಗ್ಯಾಳ ಸರದಿ ಬಂತು. ಅವಳಿಗೆ ಗೊತ್ತಿರುವ ಕಾದಂಬರಿಗಳು ಕಡಿಮೆಯೇನಲ್ಲ. ಆದರೂ ನನ್ನ ಹತ್ತಿರ ಬಂದು, "ಆಯಿ, ನಾ ನಿನ್ನ ಕಾದಂಬರಿನ ಹೇಳಾಕಿ" ಅಂದಳು.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸಿನ ಮೆಚ್ಚಿಕೆಯ ಕಾದಂಬರಿಯನ್ನು ಕಾಲೇಜಿನ ಹುಡುಗಿ ಹತ್ತು ಮಂದಿಯ ಮುಂದೆ ಎದ್ದು ನಿಂತು ಹೇಳುತ್ತಾಳೆ! ಆ ದಿನ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಕೇಳದವರನ್ನು ನಿಲ್ಲಿಸಿ ಹೇಳಿದೆ. ಹಾಲಿನವನಿಗೆ ಎರಡು ಸಲ ಹೇಳಿದೆ.

ಹಿಗ್ಗು ಮುಗಿಯಿತು. ಇನ್ನು ಸಿಟ್ಟು.

ಪುಸ್ತಕ ಓದು ಎಂದು ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಅಷ್ಟು ನಂಬಿಕೆ ಇಲ್ಲ. ಒಮ್ಮೆ ಬೀಳಗಿಗೆ ಮದುವೆಗೆ ಹೊರಟಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಕಾದಂಬರಿ ಓದುತ್ತಿದ್ದೆ, ಇನ್ನೂ ಅರ್ಧ ಉಳಿದಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳು ಬಾಗಿ ನೋಡಿ, "ಓ, ಇದಾ? ಭಾಳ ಛಲೋ ಐತ್ರಿ. ಕಡೀಕ ಆಕಿ ಸಾಯ್ತಾಳ್ರಿ" ಎಂದು ಹೇಳಿ, ಚೀಲ ಎತ್ತಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು. ಕೊಲೆ ಮಾಡಿದವರು ಕೂಡ ಹಾಗೆ ಸಮಾಧಾನದಿಂದ ಇಳಿದುಹೋಗಲಾರರು. ಉಳಿದ ಅರ್ಧ ಪುಸ್ತಕದಲ್ಲಿ ಆ ನಾಯಕಿ ನಕ್ಕಾಗಲೆಲ್ಲ ನಾನು ಅತ್ತೆ.

ಇನ್ನೊಂದು ಜಾತಿಯವರಿದ್ದಾರೆ. ಅವರು ಪುಸ್ತಕ ಕೊಡುವ ಮೊದಲು ನಿಮ್ಮ ಮುಖ ನೋಡುತ್ತಾರೆ, ಸೀರೆ ನೋಡುತ್ತಾರೆ, ಚಪ್ಪಲಿ ನೋಡುತ್ತಾರೆ. ಹಿಂದೊಮ್ಮೆ ಒಂದು ಊರಿನ ವಾಚನಾಲಯಕ್ಕೆ ಹೋಗಿ ದಪ್ಪನೆಯ ಕಾದಂಬರಿಗೆ ಕೈ ಹಾಕಿದ್ದೆ. ಅಲ್ಲಿದ್ದವರು ಓಡಿಬಂದು, "ಅದು ನಿಮಗ ಬಿರಸ ಆಕ್ಕೈತ್ರೀ, ಇದನ್ನ ಒಯ್ರಿ" ಎಂದು ತೆಳ್ಳಗಿನದೊಂದನ್ನು ಕೈಗಿತ್ತರು. ಪುಟಕ್ಕೊಂದು ಆನೆ, ಆನೆಯ ಕೆಳಗೆ ಎರಡು ಸಾಲು. ಆನೆಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಆದರೆ ನನಗೆ ಬಿರಸಾಗುತ್ತದೋ ಮೆತ್ತಗಾಗುತ್ತದೋ, ಜಗಿದು ನೋಡುವುದು ನನ್ನ ಹಲ್ಲಿನ ಕೆಲಸವಲ್ಲವೇ?

ಈ ಎರಡೂ ಜಾತಿಯವರನ್ನು ಮೀರಿಸಿದವಳು ನನ್ನ ಜೀವದ ಗೆಳತಿ ಕಾಶವ್ವ. ಅವಳು ಮಾಡಿದ್ದು ಎಂಟು ದಿನದ ಹಿಂದೆ ಗೊತ್ತಾಯಿತು. ಮಾಡಿದ್ದು ಮಾತ್ರ ಮೂವತ್ತು ವರ್ಷಕ್ಕೂ ಹಿಂದೆ.

ಆಗ ನಮ್ಮ ಓಣಿಯಲ್ಲಿ ಮನೆಮನೆಗೂ ಕೈಮಗ್ಗ. ಗಂಡಸರು ನೇಯುವುದು, ನಾವು ರಾಟಿ ತಿರುಗಿಸಿ ಲಾಳಿಯೊಳಗೆ ಕೂರುವ ನೂಲಿನ ಕಂಡಿಕಿ ಸುತ್ತುವುದು. ಮಧ್ಯಾಹ್ನ ನಾಲ್ವರು ಹೆಂಗಸರು ಕಾಶವ್ವನ ಪಡಸಾಲೆಯಲ್ಲಿ ರಾಟಿ ಇಟ್ಟುಕೊಂಡು ಕೂಡುತ್ತಿದ್ದೆವು. ಕಾಶವ್ವನ ಅಣ್ಣ ಅವಳಿಗೆ ಕಾದಂಬರಿ ತಂದುಕೊಡುತ್ತಿದ್ದ. ಒಂದು ಪುಸ್ತಕ, ಓದುವವರು ನಾಲ್ವರು, ಯಾರಿಗೂ ತಾಳ್ಮೆ ಇಲ್ಲ. ಪುಸ್ತಕವೆಂದರೆ ಹೊಲಿದ ಮಾಲು, ನಾವು ನೂಲಿನ ಮಂದಿ. ಬೆನ್ನಿನ ಹೊಲಿಗೆ ಬಿಚ್ಚಿ ನಾಲ್ಕು ತುಂಡು ಮಾಡುತ್ತಿದ್ದೆವು. ಮೊದಲು ಕಾಶವ್ವ ಒಂದು ತುಂಡು ಓದಿ ಮುಂದೆ ದಾಟಿಸಬೇಕು, ಆಮೇಲೆ ಇನ್ನಿಬ್ಬರು, ಕೊನೆಗೆ ನಾನು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಅದಕ್ಕೇ ಕೊನೆಯ ಸ್ಥಾನ. ಎಲ್ಲರದೂ ಮುಗಿದ ಮೇಲೆ ಮಗ್ಗದ ನೂಲಿನಿಂದಲೇ ಮತ್ತೆ ಹೊಲಿಯುತ್ತಿದ್ದೆವು. ಅಂಗಡಿಯ ಹೊಲಿಗೆಗಿಂತ ಗಟ್ಟಿ.

ನಾನು ಹೇಳುವ ಕಾದಂಬರಿ ಬಂದದ್ದು ಹೀಗೆಯೇ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಓದಿ ನನ್ನೊಡನೆ ಜಗಳಕ್ಕೆ ಬರುತ್ತೀರಿ, ಸದ್ಯ ನನಗೆ ಇರುವ ಜಗಳ ಸಾಕು. ಅದರಲ್ಲಿ ಒಬ್ಬ ತಾಯಿ, ಗಂಡನಿಲ್ಲ, ಒಬ್ಬಳೇ ಮಗಳು, ಜೊತೆಗೆ ಹುಲಿಯಂಥ ಅತ್ತೆ. ಎರಡನೆಯ ತುಂಡಿನ ಕೊನೆಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತು, ಹುಡುಗಿಯನ್ನು ನಾಳೆಯಿಂದ ಶಾಲೆಗೆ ಕಳಿಸಕೂಡದು ಎನ್ನುತ್ತಾಳೆ. ಅಲ್ಲಿಗೆ ತುಂಡು ಮುಗಿಯಿತು. ಮೂರನೆಯದಕ್ಕೆ ನಾನು ಬಾಯಿ ತೆರೆದುಕೊಂಡು ಕಾಯುತ್ತಿದ್ದೆ. ಕಾಶವ್ವ ಬಂದು, "ಆ ತುಂಡು ಒಲಿ ಕಟಗಿ ಸಂಗಾಟ ಸುಟ್ಟು ಹೋತ ಬೇ" ಅಂದಳು. ಉಳಿದಿಬ್ಬರು ತಲೆ ಬಗ್ಗಿಸಿ ರಾಟಿ ತಿರುಗಿಸಿದರು. ನಾನು ಸತ್ತವರಿಗೆ ಅತ್ತ ಹಾಗೆ ಅತ್ತೆ. ನಾಲ್ಕನೆಯ ತುಂಡು ಕೊಟ್ಟರು, ಓದಿದೆ. ಅದರಲ್ಲಿ ಮಗಳಿಗೆ ಮದುವೆಯಾಗಿದೆ. ತಾಯಿ ನೋಡಲು ಹೋದರೆ ಮಗಳು ಬಡಿಸುತ್ತಾಳೆ, ಒಂದು ಮಾತೂ ಆಡುವುದಿಲ್ಲ.

ನಡುವಿನ ಗುಂಡಿಯನ್ನು ತುಂಬದೆ ಬಿಡಲಾದೀತೇ? ನಾನೇ ತುಂಬಿದೆ. ತಾಯಿ ಅತ್ತೆಯನ್ನು ಬಾಗಿಲಿನಿಂದ ಸರಿಸುತ್ತಾಳೆ, "ನನ್ನ ಮಗಳು ಸಾಲಿಗೆ ಹೊಕ್ಕಾಳ, ಏನ ಮಾಡ್ಕೋತೀರಿ ಮಾಡ್ಕೋರಿ" ಎನ್ನುತ್ತಾಳೆ, ಮಗಳು ಓದಿ ದೊಡ್ಡವಳಾಗುತ್ತಾಳೆ. ಕೊನೆಗೆ ಮಾತಾಡದಿರುವುದು ಓದಿದವರ ಬಿಗುಮಾನ. ಬಹಳ ಚೆನ್ನಾಗಿ ಕೂತಿತು. ಮೂವತ್ತು ವರ್ಷ ಅದನ್ನು ಎಷ್ಟು ಮಂದಿಗೆ ಹೇಳಿದೆನೆಂದರೆ, ನಾನೇ ತುಂಬಿದ್ದು ಎನ್ನುವುದು ನನಗೇ ಮರೆತುಹೋಗಿತ್ತು.

ಭಾಗ್ಯಾ ಜಮಖಂಡಿಯಲ್ಲಿ ಎಲ್ಲಿಂದಲೋ ಆ ಕಾದಂಬರಿಯ ಇಡೀ ಪ್ರತಿ ತಂದಳು. ಎರಡು ದಿನ ಓದಿದಳು. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಆಯಿ, ನೀ ಹೇಳಿದ್ದು ಇದರಾಗ ಇಲ್ಲಲ್ಲ."

"ನೆಟ್ಟಗ ಓದು."

"ನೆಟ್ಟಗ ಓದೇನಿ. ಆ ತಾಯಿ ತಾನ ಹುಡುಗೀ ಪಾಟೀಚೀಲ ತಗೊಂಡು ಅಟ್ಟದ ಮ್ಯಾಲ ಇಡ್ತಾಳ. ಸಾಲಿ ಬಿಡಿಸಿ ಮನಿ ಕೆಲಸಕ್ಕ ಹಚ್ಚತಾಳ. ಅದು ದೊಡ್ಡ ತ್ಯಾಗ ಅಂತ ಬರದಾರ. ನಾ ಭಾನುವಾರ ಯಾವುದನ್ನ ಹೇಳ್ಲಿ, ಇದನ್ನೋ ನಿಂದನ್ನೋ?"

ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಎಂದು ಬಿಟ್ಟೆ. ಮೊಮ್ಮಗಳು ಹತ್ತು ಮಂದಿಯ ಮುಂದೆ ನನ್ನ ಹೆಸರು ಹೇಳಿಕೊಂಡು ನಿಲ್ಲಬೇಕಾದ ದಿನ ಹತ್ತಿರ ಬಂದಿದೆ, ನಾನು ಅವಳಿಗೆ ಹುಟ್ಟಿದಾಗಿನಿಂದ ಇಲ್ಲದ ಕಥೆ ಹೇಳುತ್ತ ಬಂದಿದ್ದೇನೆ! ನೆಟ್ಟಗೆ ಕಾಶವ್ವನ ಮನೆಗೆ ನಡೆದೆ. ಎರಡೇ ಓಣಿ ದಾಟಬೇಕು, ಆದರೆ ಅಂದು ನನ್ನ ಮೊಣಕಾಲು ನೋಯಲೇ ಇಲ್ಲ.

"ಆ ಮೂರನೇ ತುಂಡು ಖರೇನ ಸುಟ್ಟಿತ್ತೇನ?" ಎಂದು ಬಾಗಿಲಲ್ಲೇ ಕೇಳಿದೆ.

ಕಾಶವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಯಾವ ತುಂಡು ಎಂದು ಕೇಳಲಿಲ್ಲ. "ಬಾ ಸಿದ್ದವ್ವ, ಕುಂದ್ರು," ಅಂದಳು. "ಸುಟ್ಟಿದ್ದಿಲ್ಲ." ಎದ್ದುಹೋಗಿ ಟ್ರಂಕಿನ ತಳದಿಂದ ಹಳದಿಯಾದ ಹಾಳೆಗಳ ಕಟ್ಟೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಹಡಬಿಟ್ಟಿ, ಮುಚ್ಚಿ ಇಟ್ಟಿದ್ದೇನ!"

"ಬಯ್ಯಿ, ಬಯ್ಯಿ. ನಿನಗ ನೆನಪೈತೋ ಇಲ್ಲೋ. ಅವಾಗ ಸುನಂದಾ ಏಳನೇತ್ತಾ ಪಾಸಾಗಿದ್ಳು. ನಿಮ್ಮತ್ತಿ, ನಿನ್ನ ಗಂಡ ಕೂಡಿ ಸಾಲಿ ಬಿಡ್ಸು, ಕಂಡಿಕಿ ಸುತ್ತಾಕ ಒಂದ ಕೈ ಆಕ್ಕೈತಿ ಅಂತಿದ್ರು. ನೀ ಇಲ್ಲೇ ಕುಂತು ಏನಂದಿ? 'ಈ ಕಾದಂಬರಿಯಾಕಿ ಏನ ಮಾಡ್ತಾಳೋ ನೋಡಿ ನಾನೂ ಹಂಗ ಮಾಡಾಕಿ' ಅಂದಿ. ನಾವು ಮೂವರೂ ಓದಿದ್ವಿ. ಆಕಿ ಬಿಡಿಸ್ಯಾಳ. ನಿನ್ನ ಕೈಯಾಗ ಕೊಡೂದು ಹ್ಯಾಂಗ?"

ನಾನು ಹಾಗೆ ಅಂದದ್ದು ನನಗೆ ನೆನಪಿಲ್ಲ. ಆದರೆ ಅಂದಿರಲೇಬೇಕು. ಏಕೆಂದರೆ ನಾನು ಹಾಗೇ ಇದ್ದೆ. ಒಂದು ಕಾದಂಬರಿಯ ನಾಯಕಿ ಶುಕ್ರವಾರ ಮಾತ್ರ ಹೂ ಮುಡಿಯುತ್ತಿದ್ದಳು, ನಾನೂ ಉಳಿದ ದಿನ ಬರಿದಲೆ. ಇನ್ನೊಂದರವಳು ಗಂಡನಿಗೆ ಎದುರು ಮಾತಾಡದವಳು. ಅದನ್ನು ಓದಿ ಹದಿನೈದು ದಿನ ನಾನು ಎದುರು ಮಾತಾಡಲಿಲ್ಲ. ನನ್ನವರು ಗಾಬರಿಯಾಗಿ ಜಮಖಂಡಿಯ ದವಾಖಾನೆಗೆ ಕರೆದೊಯ್ದರು.

ಹಾಗಾದರೆ ಕಾಶವ್ವ ಮಾಡಿದ್ದು ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳುತ್ತೀರಿ. ಭಾಗ್ಯಾಳೂ ಕೇಳಿದಳು. ಫೋನಿನಲ್ಲಿ ಸುನಂದಾಳಿಗೆ ಹೇಳಿದರೆ ಅವಳು ಕಾಶವ್ವನಿಗೆ ಒಂದು ಸೀರೆ ಉಡಿಸಬೇಕು ಅಂದಳು. ನಾನು ತುಂಬಿಕೊಂಡ ಮಾತನ್ನೇ ನನ್ನ ಅತ್ತೆಯ ಮುಂದೆ ಬಾಗಿಲಲ್ಲಿ ನಿಂತು ಆಡಿದ್ದು ಖರೆ. ಸುನಂದಾ ಶಾಲೆಗೆ ಹೋದದ್ದು ಖರೆ. ಇದೆಲ್ಲ ಖರೆಯಾಗಿರುವುದಕ್ಕೇ ನನ್ನ ಸಿಟ್ಟು ಇಳಿಯುವುದಿಲ್ಲ. ತಪ್ಪು ಮಾಡಿದವರ ಮೇಲೆ ಸಿಟ್ಟು ಮಾಡುವುದು ಎಷ್ಟು ಹಗುರ! ಒಳ್ಳೆಯದು ಮಾಡಿದವರ ಮೇಲಿನ ಸಿಟ್ಟನ್ನು ಇಳಿಸಲು ಜಾಗವೇ ಸಿಗುವುದಿಲ್ಲ. ಆನೆಯ ಪುಸ್ತಕ ಕೊಟ್ಟವರಿಗೂ ಇವರಿಗೂ ಏನು ಭೇದ? ಮೂವರೂ ಕೂಡಿ, ಸಿದ್ದವ್ವನಿಗೆ ಇದು ತಡೆಯುವುದಿಲ್ಲ ಎಂದು ತೀರ್ಮಾನಿಸಿದರು. ನನಗೆ ಕೊಟ್ಟು ನೋಡಲಿಲ್ಲ.

ಆ ತುಂಡನ್ನು ಓದಿದೆ. ಭಾಗ್ಯಾ ತಂದ ಹೊಸ ಪ್ರತಿಯಲ್ಲಲ್ಲ, ನನ್ನ ಪಾಲಿನ ಹಳದಿ ಹಾಳೆಯಲ್ಲೇ. ಕಾದಂಬರಿ ಬರೆದವರು ಜಾಣರು, ಅಟ್ಟದ ಮೇಲೆ ಚೀಲ ಇಡುವ ಮೊದಲು ಆ ತಾಯಿ ಅದನ್ನು ಸೆರಗಿನಿಂದ ಒರೆಸುವುದನ್ನು ಎಷ್ಟು ಚೆಂದ ಬರೆದಿದ್ದಾರೆಂದರೆ ನನಗೂ ಕಣ್ಣು ತುಂಬಿದವು. ಕಣ್ಣು ಒರೆಸಿಕೊಂಡ ಮೇಲೆ ಆ ತಾಯಿಯ ಮೇಲೆ ಬಂದ ಸಿಟ್ಟು ಮಾತ್ರ ಹೇಳತೀರದು. ಮಗಳು ಕೊನೆಗೆ ಏಕೆ ಮಾತಾಡಲಿಲ್ಲ ಎನ್ನುವುದು ಈಗ ತಿಳಿಯಿತು. ಬಿಗುಮಾನ ಎಂದು ಆ ಹುಡುಗಿಯನ್ನು ಮೂವತ್ತು ವರ್ಷ ಬೈದಿದ್ದೆ! ಈಗ ಸಿಟ್ಟು ಬಂತು, ನಿಜ. ಆಗ ಓದಿದ್ದರೆ ಕಣ್ಣೀರಿಗೇ ನಿಲ್ಲುತ್ತಿದ್ದೆನೋ, ಸಿಟ್ಟಿನವರೆಗೆ ಮುಟ್ಟುತ್ತಿದ್ದೆನೋ? ಯಾರು ಹೇಳಬೇಕು? ಕಾಶವ್ವ ತನ್ನಲ್ಲೇ ಇಟ್ಟುಕೊಂಡದ್ದು ಆ ಉತ್ತರವನ್ನು.

ಭಾಗ್ಯಾಳಿಗೆ ಹೇಳಿದೆ: "ಪುಸ್ತಕದಾಗ ಇದ್ದದ್ದನ್ನ ಹೇಳು. ನಾ ಸುಳ್ಳು ತುಂಬಿದ್ದೂ ಹೇಳು. ಓದಿದವರಿಗೆ ಸಿಟ್ಟು ಬಂದ್ರ ಬರವಲ್ದ್ಯಾಕ."

"ನಿನಗ ನಾಚಿಕಿ ಅನಸೂದಿಲ್ಲೇನ?"

"ಅನಸ್ತೈತಿ. ನಾಚ್ಕೊಂತನ ಕುಂದ್ರತೀನಿ ಹಿಂದ."

ಭಾನುವಾರ ನಾನು ಹೋದೆ. ಕಾಶವ್ವನನ್ನೂ ಎಳೆದುಕೊಂಡು ಹೋದೆ, ನಾನು ನಾಚಿಕೊಳ್ಳುವಾಗ ಅವಳೂ ಪಕ್ಕದಲ್ಲಿರಲಿ ಎಂದು. ಭಾಗ್ಯಾ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ನಮ್ಮ ಕಡೆ ತೋರಿಸಿಯೂ ಹೇಳಿದಳು, ಕತ್ತೆ. ಎಲ್ಲರೂ ತಿರುಗಿ ನೋಡಿದರು, ಕಾಶವ್ವ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಕನ್ನಡಕದ ಒಬ್ಬರು ಎದ್ದು, "ಆ ತಾಯಿಗೆ ಬ್ಯಾರೆ ದಾರಿ ಇತ್ತೇನ್ರಿ?" ಅಂದರು. ಕಿಟಕಿಯ ಹತ್ತಿರದ ಹೆಣ್ಣುಮಗಳು, "ಹುಡುಗೀನ ಕೇಳ್ರಿ ಅದನ್ನ!" ಎಂದು ತಿರುಗಿಬಿದ್ದಳು. ಪುಸ್ತಕ ಯಾರೂ ಓದಿಲ್ಲ, ಜಗಳ ಆಗಲೇ ಶುರು. ಒಯ್ದು ಓದುತ್ತೇವೆಂದು ಐದು ಮಂದಿ ಕೈ ಎತ್ತಿದರು. ಭಾಗ್ಯಾಳ ಮುಖ ನೋಡಬೇಕಿತ್ತು ನೀವು. ನನ್ನ ಮುಖವನ್ನು ನಾನೇ ನೋಡಿಕೊಳ್ಳಲಿಲ್ಲ, ಆದರೆ ಕೆನ್ನೆ ನೋಯುತ್ತಿದ್ದವು.

ಭಾಗ್ಯಾಳನ್ನು ಆ ಜಗಳದ ನಡುವೆಯೇ ಬಿಟ್ಟು ನಾವಿಬ್ಬರೂ ಹೊರಗೆ ಬಂದ ಮೇಲೆ ಕಾಶವ್ವ ಮೆಲ್ಲಗೆ, "ಅವಾಗ ಕೊಟ್ಟಿದ್ರ ಏನಾಗ್ತಿತ್ತೋ ಏನೋ" ಅಂದಳು.

"ಏನಾಗ್ತಿತ್ತು? ಇದ ಆಗ್ತಿತ್ತು," ಅಂದೆ. "ನಿನ್ನ ಪಡಸಾಲ್ಯಾಗ ನಾವು ನಾಲ್ವರು ಹಿಂಗ ಜಗಳಾಡ್ತಿದ್ವಿ. ಆ ಇಬ್ಬರು ಈಗ ಎಲ್ಲಿ ಅದಾರ? ಆ ತಾಯಿ ಮಾಡಿದ್ದು ಸರಿ ಅಂತಿದ್ರೋ ತಪ್ಪ ಅಂತಿದ್ರೋ, ಒಂದ ಮಾತ ಕೇಳಾಕ ಬಿಡಲಿಲ್ಲ ನೀ ನನಗ."

ಬಸ್ಸು ಬಂತು, ಹತ್ತಿದೆವು, ಕುಳಿತೆವು. ಆಗ ಕಾಶವ್ವ ನನ್ನ ಕಡೆ ತಿರುಗಿ, "ನಂಗ ಕೇಳಿದ್ರ, ಆಕಿ ಮಾಡಿದ್ದು ಪೂರಾ ತಪ್ಪ ಅಲ್ಲ ಬೇ" ಅಂದಳು.

ನಾನು ಸೆರಗು ಬಿಗಿದು ಸರಿಯಾಗಿ ಕುಳಿತೆ. ರಬಕವಿ ಬಂದಾಗ ಕಂಡಕ್ಟರು ನಮ್ಮಿಬ್ಬರನ್ನೂ ಕೂಗಿ ಕೂಗಿ ಇಳಿಸಬೇಕಾಯಿತು.