ಹೊಲದಲ್ಲಿದ್ದ ವೇರಿಯಾಕ್

ಕಂಪ್ಯೂಟರ್ ಹೇಗಿರುತ್ತದೆಂದು ಸರಿಯಾಗಿ ನೋಡುವ ಮೊದಲೇ ನಾನು ಅದಕ್ಕೆ ಕರೆಂಟು ಕೊಡುವ ಡಬ್ಬಿ ಮಾಡಲು ಕೂತವಳು. ಎಂಬತ್ತರ ದಶಕದ ನಡುವಿನ ಮಾತು. ಹುತ್ತೂರಿನ ಹತ್ತಿರ ನಮ್ಮೂರು. ಕೋಲಾರದಲ್ಲಿ ಡಿಪ್ಲೊಮಾ ಮುಗಿಸಿ ಬಂದ ನಾನು, ನನ್ನ ಜೊತೆ ಓದಿದ ಶ್ರೀನಿವಾಸಪುರದ ಗೆಳತಿ, ಇಬ್ಬರೂ ಸೇರಿ ಅಮ್ಮನ ಹುಳುಮನೆಯನ್ನು ಆಕ್ರಮಿಸಿಕೊಂಡಿದ್ದೆವು. ರೇಷ್ಮೆ ಹುಳುವಿನ ತಟ್ಟೆಗಳಿದ್ದ ಅಟ್ಟಣೆಗಳ ಮೇಲೆ ಟ್ರಾನ್ಸ್‌ಫಾರ್ಮರು, ವೈರು, ಬೆಸುಗೆ ಹಾಕುವ ಕಡ್ಡಿ.

ಅಮ್ಮ ಷರತ್ತು ಹಾಕಿಯೇ ಕೊಟ್ಟಿದ್ದಳು. "ಒಂದೇ ಒಂದು ಬೆಳೆ ಬಿಟ್ಕೊಡ್ತೀನಿ ಕಣೇ. ಅಷ್ಟ್ರೊಳ್ಗೆ ನಿನ್ ಡಬ್ಬಿ ಯಾರಾದ್ರೂ ತಗೊಂಡ್ರೆ ಸರಿ. ಇಲ್ದಿದ್ರೆ ನನ್ ಹುಳುಮನೆ ನಂಗೆ."

ಆ ಬೆಳೆಯ ಕೊನೆಯ ವಾರದಲ್ಲಿ ಬೆಂಗಳೂರಿನ ಕಂಪನಿಯೊಂದರಿಂದ ಪರೀಕ್ಷಕರು ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಪಟ್ಟಿ. ಪೂರ್ತಿ ಹೊರೆ ಹೊತ್ತು ಡಬ್ಬಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದರು. ಮುಳಬಾಗಿಲಿನ ಗ್ಯಾರೇಜಿನಿಂದ ತಂದ ಸ್ಕೂಟರ್ ಬಲ್ಬುಗಳನ್ನು ಡಬ್ಬಿಗೆ ಜೋಡಿಸಿ, ಸಾಲಾಗಿ ಹೊತ್ತಿಸಿ ತೋರಿಸಿದೆವು. ಮಧ್ಯಾಹ್ನದವರೆಗೂ ಉರಿದವು. ಅವರು ಮುದ್ದೆ ಊಟ ಮಾಡಿ, ಬೆವರು ಒರೆಸಿಕೊಂಡು ಪಟ್ಟಿಯ ಮುಂದಿನ ಸಾಲಿಗೆ ಬಂದರು. ಒಳಗೆ ಬರುವ ಕರೆಂಟು ಇನ್ನೂರೈವತ್ತು ವೋಲ್ಟಿಗೆ ಏರಿದರೂ ನೂರೆಪ್ಪತ್ತಕ್ಕೆ ಇಳಿದರೂ ಡಬ್ಬಿ ಅಲುಗಬಾರದು.

"ನಿಮ್ಮ ವೇರಿಯಾಕ್ ಎಲ್ಲಿದೆ?" ಎಂದು ಕೇಳಿದರು. ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸುವ ಯಂತ್ರ ಅದು. ನಾವು ಕ್ಯಾಟಲಾಗಿನಲ್ಲಿ ಮಾತ್ರ ಅದರ ಮುಖ ನೋಡಿದ್ದು.

"ಹೊಲದಲ್ಲಿದೆ ಸಾರ್," ಎಂದೆ.

ಸುಳ್ಳೇನಲ್ಲ. ನಮ್ಮೂರಿನ ಟ್ರಾನ್ಸ್‌ಫಾರ್ಮರ್ ಮೇಲೆ ಏಳು ಪಂಪ್‌ಸೆಟ್ಟುಗಳಿದ್ದವು. ಎಲ್ಲ ನಿಂತರೆ ಮನೆಯ ವೋಲ್ಟೇಜು ಇನ್ನೂರೈವತ್ತಕ್ಕೆ ಜಿಗಿಯುತ್ತಿತ್ತು, ಒಂದೊಂದೇ ಹಾಕಿದರೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. ಮಾಳಿಗೆಯ ಮೇಲೆ ಬಿದಿರಿಗೆ ಅಮ್ಮನ ಹಳೇ ಕೆಂಪು ಸೀರೆಯ ತುಂಡು ಕಟ್ಟಿದ್ದೆವು. ಅದು ಎದ್ದರೆ ಹತ್ತಿರದ ಹೊಲದಿಂದ ಶುರುಮಾಡಿ ಒಬ್ಬೊಬ್ಬರೇ ಮೋಟರ್ ಹಾಕಬೇಕು, ಇಳಿದರೆ ನಿಲ್ಲಿಸಬೇಕು ಎಂದು ಊರಿನವರಿಗೆ ಮೊದಲೇ ಹೇಳಿಟ್ಟಿದ್ದೆವು. ವೋಲ್ಟೇಜು ಬಿದ್ದಾಗ ಸ್ಟಾರ್ಟರು ತಾನಾಗಿ ಕಳಚಿಕೊಳ್ಳದಿರಲೆಂದು ಅದಕ್ಕೊಂದು ಕಡ್ಡಿ ಸಿಕ್ಕಿಸುವುದು ನಮ್ಮ ಕಡೆಯ ರೂಢಿ. ಏಳನೆಯದು, ಕೆರೆ ಪಕ್ಕದ ಹಿಪ್ಪುನೇರಳೆ ತೋಟದ್ದು, ಅಮ್ಮನದು.

ಮೊದಲು ಎಲ್ಲ ನಿಲ್ಲಿಸಿ ಇನ್ನೂರೈವತ್ತು ತೋರಿಸಿದೆವು, ಪಾಸು. ಆಮೇಲೆ ನಾನು ಮಾಳಿಗೆಗೆ ಓಡಿ ಕೆಂಪು ಬಾವುಟ ಎತ್ತಿದೆ. ಕೆಳಗಿನ ಕಿಟಕಿಯಿಂದ ಗೆಳತಿ ಮೀಟರು ಓದಿ ಕೂಗುತ್ತಿದ್ದಳು. ಇನ್ನೂರಿಪ್ಪತ್ತು. ಇನ್ನೂರೈದು. ನೂರತೊಂಬತ್ತು. ದೂರದಲ್ಲಿ ಒಂದೊಂದೇ ಪೈಪು ಬುಸ್ಸೆಂದು ನೀರುಗುಳುವುದು ನನಗೆ ಮೇಲಿಂದ ಕಾಣುತ್ತಿತ್ತು. ನನಗೋ ನಗು ತಡೆಯಲಾಗುತ್ತಿಲ್ಲ. ಇಡೀ ಊರು ನನ್ನ ಕೈಯಲ್ಲಿನ ತಿರುಗಣೆ ಆಗಿಬಿಟ್ಟಿತ್ತು.

"ನೂರೆಪ್ಪತ್ತು!"

ಏಳನೆಯ ಪೈಪಿನಲ್ಲೂ ನೀರು ಬಂತು. ಇನ್ನು ನಿಲ್ಲಲಾಗಲಿಲ್ಲ. ಬಿದಿರನ್ನು ಮೋಟುಗೋಡೆಯ ಸಂದಿಗೆ ಸಿಕ್ಕಿಸಿ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದೆ. ಫ್ಯಾನು ನಿದ್ದೆಗಣ್ಣಲ್ಲಿ ತಿರುಗುತ್ತಿತ್ತು. ಟ್ಯೂಬ್‌ಲೈಟು ಎರಡು ಸಲ ಕಣ್ಣು ಹೊಡೆದು ಆರಿತು. ಸ್ಕೂಟರ್ ಬಲ್ಬುಗಳು ಮಾತ್ರ ಹಾಗೇ ಉರಿಯುತ್ತಿದ್ದವು, ಒಂದು ಚೂರೂ ಮಂಕಾಗಲಿಲ್ಲ. ಪರೀಕ್ಷಕರು ಕನ್ನಡಕ ತೆಗೆದು ಮೀಟರಿಗೆ ಮೂಗು ತಾಗಿಸಿದರು.

"ನೂರೈವತ್ತಕ್ಕೆ ಬಂತಲ್ರೀ. ಸಾಕು, ಸುಟ್ಟೋಗುತ್ತೆ."

"ಏಮೀ ಕಾದು ಸಾರ್, ಏನೂ ಆಗಲ್ಲ," ಎಂದಳು ಗೆಳತಿ.

ತಿಣುಕುವ ಮೋಟರುಗಳು ಇನ್ನಷ್ಟು ಕರೆಂಟು ಎಳೆದು ವೋಲ್ಟೇಜು ಇಳಿಯುತ್ತಲೇ ಇತ್ತು. ನೂರನಲವತ್ತೆರಡು. ಬಲ್ಬು ಉರಿಯುತ್ತಲೇ ಇತ್ತು. ನಾವಿಬ್ಬರೂ ಕೈ ಹಿಡಿದುಕೊಂಡು ಹುಳುಮನೆಯಲ್ಲಿ ಗಿರಗಿರ ಸುತ್ತಿದೆವು. ಪರೀಕ್ಷಕರು ಕೂಡ ನಕ್ಕುಬಿಟ್ಟರು, ಪಟ್ಟಿಯ ಕೆಳಗೆ ಸಹಿ ಹಾಕಿದರು, ಸದ್ಯಕ್ಕೆ ಐವತ್ತು ಡಬ್ಬಿ ಬೇಕೆಂದರು. ಅಷ್ಟರಲ್ಲಿ ಫ್ಯಾನು ತಾನಾಗಿ ಜೋರು ಹಿಡಿಯಿತು. ಮೋಟರುಗಳು ಗುಯ್‌ಗುಟ್ಟತೊಡಗಿದಾಗ ಊರಿನವರು ಬಾವುಟದ ಕಡೆ ನೋಡದೆ ತಂತಮ್ಮ ಕಡ್ಡಿ ಕಿತ್ತಿದ್ದರು. ಬುದ್ಧಿ ಇದ್ದವರು.

ಪರೀಕ್ಷಕರನ್ನು ಬಸ್ಸು ಹತ್ತಿಸಿ, ಸಹಿಯ ಕಾಗದ ಹಿಡಿದು ತೋಟಕ್ಕೆ ಓಡಿದೆ. ಅಮ್ಮ ಪಂಪ್‌ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಒಳಗಿಂದ, ಮೋಟರಿನ ಸುರುಳಿ ಸುಟ್ಟಾಗ ಬರುವ ವಾರ್ನಿಷಿನ ವಾಸನೆ ಬರುತ್ತಿತ್ತು. ನನ್ನಂಥವಳಿಗೆ ಆ ವಾಸನೆ ಏನೆಂದು ಯಾರೂ ಹೇಳಬೇಕಿರಲಿಲ್ಲ.

"ನಿಲ್ಸೋದಲ್ವೇನಮ್ಮ?" ಎಂದೆ. ಕೋಪವೇ ಬಂದಿತ್ತು ನನಗೆ. "ಎಲ್ಲಾರೂ ನಿಲ್ಸಿದ್ರು."

"ಗುಯ್ ಅಂತಿತ್ತು. ವಾಸ್ನೇನೂ ಬಂತು," ಎಂದಳು. "ನೀನು ಸೀರೆ ಇಳಿಸ್ಲಿಲ್ವಲ್ಲೇ. ನಿಂಗಿನ್ನೂ ಬೇಕೇನೋ ಅಂತ ಬಿಟ್ಟೆ."

ತಿರುಗಿ ನೋಡಿದೆ. ನಮ್ಮ ಮಾಳಿಗೆಯ ಮೇಲೆ ಕೆಂಪು ಸೀರೆ ಇನ್ನೂ ಗಾಳಿಗೆ ಆಡುತ್ತಿತ್ತು.

"ಪಾಸಾಯ್ತಾ?"

ತಲೆಯಾಡಿಸಿದೆ.

"ಸರಿ ಹಂಗಾದ್ರೆ," ಎಂದು ಅಮ್ಮ ಸೆರಗು ಕೊಡವಿ ಎದ್ದಳು. "ನೀರಿಲ್ದೆ ಸೊಪ್ಪಿಲ್ಲ, ಸೊಪ್ಪಿಲ್ದೆ ಹುಳ ಎಲ್ಲಿಂದ? ಮುಂದಿನ ಬೆಳೆಗೂ ಹುಳುಮನೆ ನೀನೇ ಇಟ್ಕೊ."