ಅವ್ವನಿಗೆ ದಾರಿ ಹೇಳುವವರು

ಇಳಕಲ್ಲಿನಲ್ಲಿ ನಮ್ಮವ್ವನ ಭಾಷೆ ಆಡುವವಳು ನಮ್ಮವ್ವ ಒಬ್ಬಳೇ. ಮಿಲಿಟರಿಯಲ್ಲಿದ್ದ ಅಪ್ಪ ಅವಳನ್ನು ಈಶಾನ್ಯದ ಗುಡ್ಡಗಾಡಿನಿಂದ ಮದುವೆಯಾಗಿ ಕರೆತಂದಿದ್ದ. ಏಳೆಂಟು ಹಳ್ಳಿಗಳಿಗಷ್ಟೇ ಸೇರಿದ, ಲಿಪಿಯಿಲ್ಲದ ಭಾಷೆ ಅದು. ಅವ್ವ ಎರಡೇ ವರ್ಷದಲ್ಲಿ ಕನ್ನಡ ಕಲಿತಳು, ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದು ಅತ್ತೆಯಿಂದಲೂ ಭೇಷ್ ಅನ್ನಿಸಿಕೊಂಡಳು. ಅವಳ ಮಾತು ಕಲಿಯುವ ಗೋಜಿಗೆ ನಾವ್ಯಾರೂ ಹೋಗಲಿಲ್ಲ. ನಮಗೆ ಗೊತ್ತಿದ್ದದ್ದು ಒಂದೇ, ಉಣ್ಣಲು ಕರೆಯುವಾಗ ಅವಳು ತನ್ನ ಭಾಷೆಯಲ್ಲಿ ಅನ್ನುತ್ತಿದ್ದ, ‘ಬಾ’ ಎಂಬರ್ಥದ ಮಾತು.

ಅವಳ ಕಡೆ ಒಂದು ಪದ್ಧತಿಯಿತ್ತು. ಯಾರಾದರೂ ಸತ್ತರೆ ಮನೆಯವರೊಬ್ಬರು ತಲೆಯ ಹತ್ತಿರ ಕೂತು, ಹಿರಿಯರಿರುವ ಊರಿನ ದಾರಿಯನ್ನು ಅವರದೇ ಮಾತಿನಲ್ಲಿ ಹೇಳಬೇಕು. ಯಾವ ಹಳ್ಳ ದಾಟಬೇಕು, ಯಾವ ಗುಡ್ಡ ಬಳಸಬೇಕು, ಎಲ್ಲಿ ಕೂತು ದಣಿವಾರಿಸಿಕೊಳ್ಳಬೇಕು. ಬೇರೆ ಮಾತಿನಲ್ಲಿ ಹೇಳಿದರೆ ಸತ್ತವರಿಗೆ ತಿಳಿಯದೆ ಅಲ್ಲಲ್ಲೇ ಅಲೆಯುತ್ತಾರಂತೆ. ಎಪ್ಪತ್ತರ ದಶಕ, ನಾನು ಎಂಟನೆಯ ಇಯತ್ತೆ. ಕಂಡಿಕೆಗೆ ನೂಲು ಸುತ್ತುತ್ತ ಅವ್ವ ಆ ದಾರಿ ಹೇಳುವುದನ್ನು ನನಗೆ ಕಲಿಸತೊಡಗಿದಳು. ಐದನೆಯ ದಿನ ಗೆಳತಿಯರು ಬಾಗಿಲಲ್ಲಿ ನಿಂತು ಕೇಳಿ ಕಿಸಕ್ಕನೆ ನಕ್ಕರು. ನಕ್ಕವರು ಅವರು, ನನಗೆ ಸಿಟ್ಟು ಬಂದದ್ದು ಅವ್ವನ ಮೇಲೆ.

“ಇನ್ನ ಆ ಮಾತು ನನ್ನ ಕೂಡ ಆಡಬ್ಯಾಡಬೇ ಯವ್ವಾ,” ಅಂದೆ.

“ನಾ ಸತ್ತಾಗ ಯಾರ ಹೇಳ್ತಾರ ಮತ್ತ?” ಅಂದಳು ಅವ್ವ.

ನಾನು ಎದ್ದು ಗೆಳತಿಯರ ಹಿಂದೆ ಹೋದೆ. ಅಂಥ ಹಟಮಾರಿ ನಾನು. ಅವ್ವ ಮತ್ತೆಂದೂ ಕೇಳಲಿಲ್ಲ. ಉಣ್ಣಲು ಕರೆಯುವ ಆ ಒಂದು ಮಾತನ್ನು ಮಾತ್ರ ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ಅವಳು ಹಾಸಿಗೆ ಹಿಡಿದಾಗ ನಾನು ಹುನಗುಂದದಲ್ಲಿ ಶಿಕ್ಷಕಿ. ಆಗ ಬುದ್ಧಿ ಬಂತು. ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತು, ದಾರಿ ಹೇಳು, ಬರೆದುಕೊಳ್ಳುತ್ತೇನೆ ಅಂದೆ. ಅವಳು ಬಹಳ ಹೊತ್ತು ನೆನಪಿಸಿಕೊಂಡು ಮೊದಲ ಹಳ್ಳದ ಹೆಸರು ಹೇಳಿದಳು. ಮುಂದಿನದು ಬರಲಿಲ್ಲ. ಹುಡುಗಿಯಾಗಿದ್ದಾಗ ಆ ನಾಲ್ಕು ದಿನ ಕಲಿತದ್ದು ನನ್ನಲ್ಲೂ ಉಳಿದಿರಲಿಲ್ಲ. ಇಷ್ಟು ವರ್ಷ ಯಾರ ಜೊತೆಗೂ ಆಡದ ಮಾತು ಅವಳನ್ನೂ ಬಿಟ್ಟುಹೋಗಿತ್ತು.

“ಮರತುಬಿಟ್ಟೇನವಾ,” ಎಂದು ತಪ್ಪು ಮಾಡಿದವಳ ಹಾಗೆ ನನ್ನ ಮುಖ ನೋಡಿದಳು. ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ಅಪ್ಪ ಅವಳ ಅಣ್ಣನಿಗೆ ಹಿಂದಿಯಲ್ಲಿ ಕಾಗದ ಬರೆದು ದಾರಿ ಕೇಳಿದ. ಆ ದಾರಿ ಗೊತ್ತಿದ್ದ ಊರಿನ ಕೊನೆಯ ಮುದುಕನೂ ತೀರಿಕೊಂಡಿದ್ದಾನೆ, ನಮ್ಮ ಮಕ್ಕಳೂ ಈಗ ಮನೆಯಲ್ಲಿ ಹಿಂದಿಯನ್ನೇ ಆಡುತ್ತಾರೆ ಎಂದು ಉತ್ತರ ಬಂತು.

ಅವ್ವ ತೀರಿಕೊಂಡ ದಿನ ಓಣಿಯ ಹೆಂಗಸರು ಹಾಡಾಡಿ ಅತ್ತರು. ನಾನು ತಲೆಯ ಹತ್ತಿರ ಕೂತು ಮೊದಲ ಹಳ್ಳದ ಹೆಸರು ಹೇಳಿದೆ. ಆಮೇಲೆ ದಾರಿ ಗೊತ್ತಿರಲಿಲ್ಲ. ‘ಹೋಗು’ ಎನ್ನಲು ಅವಳ ಭಾಷೆಯಲ್ಲಿ ಏನನ್ನುತ್ತಾರೆ ಎಂಬುದೂ ಗೊತ್ತಿರಲಿಲ್ಲ. ಕಳಿಸಿಕೊಡಬೇಕಾದ ನಾನು ಅವಳ ಕಿವಿಯ ಬಳಿ ಬಾಗಿ, ನನಗೆ ಬರುತ್ತಿದ್ದ ಒಂದೇ ಮಾತಿನಲ್ಲಿ, ಬಾ, ಬಾ ಎಂದು ಕರೆಯುತ್ತ ಕೂತಿದ್ದೆ.